ಕುಸ್ಕೊ ನಗರಕ್ಕೆ ಬಂದ ಇಬ್ಬರು ಎರ್ನೆಸ್ಟೊಗಳು

ಎತ್ತರದ ಊರಿಗೆ ಹೋಗಿಬಂದವರು ಮೊದಲು ಬರೆಯುವುದು ತಮ್ಮ ಉಸಿರಿನ ವಿಚಾರವನ್ನು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಊರುಗಳ ಬಗ್ಗೆ ನಾವು ಓದಿದ ಪ್ರವಾಸ ಕಥನಗಳಲ್ಲಿ ಮುಕ್ಕಾಲು ಪಾಲು ಹೀಗೆಯೇ ತೊಡಗುತ್ತವೆ. ಇಳಿದ ಕೂಡಲೆ ತಲೆನೋವು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು, ಹೋಟೆಲಿನವರು ಕೊಟ್ಟ ಕೋಕಾ ಎಲೆಯ ಕಷಾಯ. ಆಮೇಲೆ ಬಣ್ಣಬಣ್ಣದ ಲಂಗ ತೊಟ್ಟ ಹೆಂಗಸರು, ಬೆನ್ನಿಗೆ ಕಟ್ಟಿದ ಕೂಸು, ಪಕ್ಕದಲ್ಲೊಂದು ಲಾಮಾ. ಇದಿಷ್ಟು ಬಂದರೆ ಮೊದಲ ಅಧ್ಯಾಯ ಮುಗಿಯಿತು. ಸುಳ್ಳೇನೂ ಅಲ್ಲ. ಪೆರು ದೇಶದ ಕುಸ್ಕೊ ನಗರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತಲೆಯ ಮೇಲೆ ನಂದಿಬೆಟ್ಟವನ್ನು ಎತ್ತಿಟ್ಟರೆ ಹೆಚ್ಚುಕಡಿಮೆ ಆ ಎತ್ತರ ಬರುತ್ತದೆ. ಅಲ್ಲಿ ಉಸಿರು ಕಟ್ಟದಿದ್ದರೇ ಆಶ್ಚರ್ಯ. ಆದರೆ ಅದು ಪ್ರವಾಸಿಯ ಸುದ್ದಿಯೇ ಹೊರತು ಊರಿನ ಸುದ್ದಿಯಲ್ಲ.

ಕುಸ್ಕೊ ನಗರವನ್ನು ಮೊದಲ ಬಾರಿಗೆ ಕಂಡವರ ಎರಡು ಪುಸ್ತಕಗಳನ್ನು ನಾವು ಒಂದರ ಬೆನ್ನಿಗೊಂದು ಓದಿದೆವು. ಒಂದು ಪ್ರವಾಸದ ಟಿಪ್ಪಣಿ, ಇನ್ನೊಂದು ಕಾದಂಬರಿ. ಎರಡರಲ್ಲೂ ಊರಿಗೆ ಬರುವವನ ಹೆಸರು ಎರ್ನೆಸ್ಟೊ ಎಂದಿರುವುದು ಬರಿಯ ಆಕಸ್ಮಿಕ. ಆದರೂ ಇಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡುವ ಆಸೆ ನಮಗೆ ಹುಟ್ಟಿದ್ದು ಅದರಿಂದಲೇ.

ಮೊದಲನೆಯವನು ಎರ್ನೆಸ್ಟೊ ಗೆವಾರ. ಮುಂದೆ 'ಚೆ' ಎಂದು ಲೋಕಕ್ಕೆಲ್ಲ ಪರಿಚಿತನಾದ ಈತ 1952ರಲ್ಲಿ ಇಪ್ಪತ್ತಮೂರರ ವೈದ್ಯಕೀಯ ವಿದ್ಯಾರ್ಥಿ. ಗೆಳೆಯ ಆಲ್ಬರ್ಟೊ ಗ್ರನಾಡೊನೊಡನೆ ಅರ್ಜೆಂಟೀನದಿಂದ ಮೋಟಾರ್‌ಸೈಕಲ್ ಹತ್ತಿ ಹೊರಟವನು, ಅದು ಚಿಲಿಯಲ್ಲಿ ಪ್ರಾಣ ಬಿಟ್ಟ ಮೇಲೆ ಸಿಕ್ಕಿದ ಲಾರಿ ಹಿಡಿದು ಮುಂದುವರಿದು ಕುಸ್ಕೊ ಸೇರಿದ. ಆ ಟಿಪ್ಪಣಿಗಳು ಪುಸ್ತಕವಾದದ್ದು ಅವನು ಸತ್ತು ಇಪ್ಪತ್ತಾರು ವರ್ಷಗಳಾದ ಮೇಲೆ, 1993ರಲ್ಲಿ. 'ಮೋಟಾರ್‌ಸೈಕಲ್ ಡೈರೀಸ್' ಎಂಬ ಹೆಸರಿನಲ್ಲಿ 2004ರಲ್ಲಿ ಬಂದ ಚಲನಚಿತ್ರವನ್ನು ನಮ್ಮ ಓದುಗರಲ್ಲಿ ಕೆಲವರಾದರೂ ನೋಡಿರಬಹುದು.

ಗೆವಾರನ ದೊಡ್ಡ ಗುಣವೆಂದರೆ ಕುಸ್ಕೊ ಒಂದೇ ಎಂದು ಅವನು ನಂಬದಿರುವುದು. ಕೆಡವಿದ ಕೋಟೆಯ ಕಲ್ಲುಗಳಲ್ಲಿ ಇಂಕಾಗಳ ಅಳಲು ಕೇಳಿಸುವ ಕುಸ್ಕೊ ಒಂದು. ಮೇಲಿನಿಂದ ನೋಡಿದರೆ ಹೆಂಚಿನ ಮಾಡುಗಳೂ ಇಗರ್ಜಿಯ ಗುಮ್ಮಟಗಳೂ ಹರಡಿಕೊಂಡ ಚೆಲುವಾದ ಕುಸ್ಕೊ ಇನ್ನೊಂದು. ಗೆದ್ದುಬಂದ ಸ್ಪೇನಿನವರ ಗರ್ವವನ್ನು ಸಾರುವ ಕುಸ್ಕೊ ಮತ್ತೊಂದು. ನಿಂತ ಜಾಗ ಬದಲಾದಂತೆ ಊರು ಬದಲಾಗುತ್ತದೆಂದು ಒಪ್ಪಿಕೊಳ್ಳುವ ಪ್ರವಾಸಿಗಳು ಕಡಿಮೆ. ಇಷ್ಟಾದರೂ ಈ ಪುಟಗಳಲ್ಲಿ ನಮಗೆ ಭಾಷಣದ ವಾಸನೆ ಬಡಿಯಿತು. ಕಾರಣ ಮುನ್ನುಡಿಯಲ್ಲೇ ಇದೆ. ಈ ಟಿಪ್ಪಣಿಗಳನ್ನು ಬರೆದವನು ಅರ್ಜೆಂಟೀನದ ನೆಲವನ್ನು ಮತ್ತೆ ಮೆಟ್ಟಿದಾಗಲೇ ಸತ್ತ, ಈಗ ತಿದ್ದಿ ತೀಡುತ್ತಿರುವವನು ಬೇರೊಬ್ಬ ಎಂಬ ಅರ್ಥದ ಮಾತನ್ನು ಅವನೇ ಹೇಳಿಕೊಂಡಿದ್ದಾನೆ. ಎಂದ ಮೇಲೆ ನಾವು ಓದುತ್ತಿರುವುದು ಮೊದಲ ನೋಟವನ್ನಲ್ಲ, ಮೊದಲ ನೋಟಕ್ಕೆ ಕೊಟ್ಟ ಎರಡನೆಯ ರೂಪವನ್ನು. ತೀಡಿದವನ ಕೈ ಎಲ್ಲಿ ಜೋರಾಗಿದೆಯೋ ಅಲ್ಲಿ ಇಂಕಾಗಳ ಮೇಲಿನ ವಾಕ್ಯಗಳು ಉದ್ದವಾಗುತ್ತವೆ, ಊರು ಮಾತ್ರ ಮಸುಕಾಗುತ್ತದೆ.

ಅದೇ ಕೈ ಸುಮ್ಮನಿದ್ದಾಗ ನೋಡಬೇಕು! 1950ರ ಭೂಕಂಪದಲ್ಲಿ ಕುಸ್ಕೊ ನಗರದ ಎಷ್ಟೋ ಕಟ್ಟಡಗಳು ಉರುಳಿದವು. ಇಂಕಾಗಳ ಸೂರ್ಯ ದೇಗುಲದ ಮೇಲೆ ಸ್ಪೇನಿನವರು ಕಟ್ಟಿದ್ದ ಸ್ಯಾಂಟೊ ಡೊಮಿಂಗೊ ಮಠ ಬಿರಿದು ಬಿತ್ತು, ಅದರ ಅಡಿಯ ಇಂಕಾ ಗೋಡೆಗಳು ಅಲುಗಲಿಲ್ಲ. ಪ್ರಧಾನ ಇಗರ್ಜಿಯ ಗಂಟೆಗೋಪುರಗಳೂ ಕೆಟ್ಟವು. ಅವನ್ನು ಸರಿಪಡಿಸಲು ಹಣ ಕೊಟ್ಟದ್ದು ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಸರಕಾರ. ಕೃತಜ್ಞತೆಗೆಂದು ಸ್ಪೇನಿನ ರಾಷ್ಟ್ರಗೀತೆ ನುಡಿಸುವಂತೆ ವಾದ್ಯದವರಿಗೆ ಅಪ್ಪಣೆಯಾಯಿತು. ಅವರು ನುಡಿಸಿದ್ದು ಯಾವುದನ್ನು? ಫ್ರಾಂಕೊ ಸೋಲಿಸಿ ಅಳಿಸಿಹಾಕಿದ್ದ ಗಣರಾಜ್ಯದ ಗೀತೆಯನ್ನು! ಬಿಷಪ್ಪರು ಕೆಂಪೇರಿ ಕೈಬೀಸಿ ನಿಲ್ಲಿಸಿ, ನಿಲ್ಲಿಸಿ ಎಂದದ್ದನ್ನು ಗೆವಾರ ನಾಲ್ಕೇ ಸಾಲಿನಲ್ಲಿ ಮುಗಿಸುತ್ತಾನೆ. ವಾದ್ಯದವರು ಬೇಕೆಂದೇ ಮಾಡಿದರೋ ತಿಳಿಯದೆ ಮಾಡಿದರೋ, ಅವನು ತೀರ್ಪು ಕೊಡುವುದಿಲ್ಲ. ಗೆದ್ದವರ ಕುಸ್ಕೊ ಎಂದರೇನೆಂಬುದು ಆ ಇಂಕಾ ಪ್ರಶಸ್ತಿಯಲ್ಲಿ ಸಿಕ್ಕಿದ್ದಕ್ಕಿಂತ ನಮಗೆ ಇಲ್ಲಿ ಹೆಚ್ಚು ಸಿಕ್ಕಿತು.

ಮಾಚು ಪಿಚುವಿಗೆ ಹೋಗುವ ರೈಲಿನ ಪುಟವೂ ಹೀಗೆಯೇ. ಅಲ್ಲಿನ ಮೂಲನಿವಾಸಿಗಳಿಗೆ ಮೀಸಲಾದ ಮೂರನೆಯ ದರ್ಜೆಯ ಡಬ್ಬಿಗಳು ದನ ಸಾಗಿಸುವ ಡಬ್ಬಿಗಳಂತಿವೆ ಎಂದೂ, ಸುಖವಾಗಿ ಬಂದುಹೋಗುವ ಪ್ರವಾಸಿಗಳಿಗೆ ಇದು ಕಾಣುವುದಿಲ್ಲವೆಂದೂ ಅವನು ಬರೆಯುತ್ತಾನೆ. ಆದರೆ ಅದರ ಹತ್ತಿರದಲ್ಲೇ, ಆ ಜನರ ಶುಚಿತ್ವದ ಬಗ್ಗೆ, ಅವರನ್ನು ಪ್ರಾಣಿಗಳಿಗೆ ಹೋಲಿಸುವ ಮಾತೂ ಅವನ ಲೇಖನಿಯಿಂದ ಬಂದಿದೆ. ಮುಂದೆ ಈತ ಏನಾದನೆಂಬ ಗೌರವಕ್ಕಾಗಿ ಇದನ್ನು ಮುಚ್ಚಿಡುವ ವಿಮರ್ಶಕರೊಡನೆ ನಮಗೆ ಸಹಮತವಿಲ್ಲ. ಅವನ ಕುಸ್ಕೊದಲ್ಲಿ ಮೂಲನಿವಾಸಿಗಳು ಎಲ್ಲೆಲ್ಲೂ ಇದ್ದಾರೆ, ಮಾತನಾಡುವುದು ಮಾತ್ರ ಕಾಣೆ. ಅವರ ಭಾಷೆ ಕೆಚುವಾ, ಪ್ರವಾಸಿಯದು ಸ್ಪ್ಯಾನಿಷ್.

ಎರಡನೆಯ ಎರ್ನೆಸ್ಟೊ ಹದಿನಾಲ್ಕರ ಹುಡುಗ. ಪೆರುವಿನ ಹೋಸೆ ಮರಿಯಾ ಅರ್ಗೆದಾಸ್ 1958ರಲ್ಲಿ ಪ್ರಕಟಿಸಿದ 'ಆಳದ ನದಿಗಳು' ಎಂಬ ಅರ್ಥದ ಕಾದಂಬರಿ, ಅಪ್ಪನೊಡನೆ ಈ ಹುಡುಗ ರಾತ್ರಿ ಕುಸ್ಕೊ ತಲುಪುವಲ್ಲಿಂದ ಆರಂಭವಾಗುತ್ತದೆ. ಕುಸ್ಕೊ ಅಪ್ಪನ ಹುಟ್ಟೂರು. ಅದರ ಅರಮನೆ, ಗುಡಿ, ಗೋಡೆಗಳನ್ನು ಅಪ್ಪ ಲೆಕ್ಕವಿಲ್ಲದಷ್ಟು ಸಲ ಬಣ್ಣಿಸಿದ್ದಾನೆ. ಬಂದಿಳಿದರೆ ಕಾಣುವುದು ಅಗಲವಾದ ಬೀದಿ, ಕಬ್ಬಿಣದ ಬೇಲಿಯ ಹೊಸ ಮನೆಗಳು. ಅಪ್ಪ ಹೇಳಿದ ಊರು ಇದಾಗಿರಲಾರದೆಂದು ಹುಡುಗನ ಮನಸ್ಸು ಕುಗ್ಗುತ್ತದೆ. ಬೇಸಿಗೆ ರಜೆಗೆ ಮಕ್ಕಳನ್ನು ಮೊದಲ ಸಲ ಊರಿಗೆ ಕರೆದೊಯ್ದು, ಬಸ್ ನಿಲ್ದಾಣದಲ್ಲಿ ಇಳಿದೊಡನೆ ಅವರ ಮುಖ ನೋಡಿದ ತಂದೆತಾಯಂದಿರು ನಮ್ಮ ಸಂಘದಲ್ಲಿ ಎಷ್ಟು ಮಂದಿ ಇದ್ದೀರಿ? ಈ ಪುಟವನ್ನು ನಿಮಗೆ ವಿವರಿಸುವ ಅಗತ್ಯವೇ ಇಲ್ಲ. ಅದರ ಮೇಲೆ, ಸ್ವಂತ ಊರಿನಲ್ಲೇ ಆ ಅಪ್ಪ ಗೋಡೆಯ ನೆರಳಿನಲ್ಲಿ ಮರೆಯಾಗಿ ನಡೆಯುತ್ತಾನೆ. ಶ್ರೀಮಂತನಾದ ಮುದಿ ಬಂಧುವಿನ ಮನೆಯಲ್ಲಿ ಅವರಿಗೆ ಸಿಗುವುದು ಮೂರನೆಯ ಅಂಗಳದ ಮಸಿ ಹಿಡಿದ ಅಡುಗೆಕೋಣೆ.

ಆ ಇರುಳೇ ಹುಡುಗ ಇಂಕಾ ರೋಕ ಎಂಬ ಅರಸನ ಅರಮನೆಯ ಗೋಡೆಯ ಮುಂದೆ ನಿಲ್ಲುತ್ತಾನೆ. ಕಲ್ಲುಗಳ ಗೀಟನ್ನು ಕೈಯಿಂದ ಸವರುತ್ತಾನೆ. ನೇರವಲ್ಲದ, ಒಂದರೊಳಗೊಂದು ಹೊಕ್ಕ ಆ ಗೀಟುಗಳು ಹರಿಯುವ ನದಿಯಂತೆ ತೋರುತ್ತವೆ. ಹೋಲಿಕೆ ಇಲ್ಲಿಗೇ ನಿಂತಿದ್ದರೆ ಇದೂ ಸಾಧಾರಣ ವರ್ಣನೆಯಾಗುತ್ತಿತ್ತು. ಆದರೆ ಹುಡುಗ ಬೆಳೆದದ್ದು ಕೆಚುವಾ ಮಾತಿನಲ್ಲಿ. (ಅರ್ಗೆದಾಸ್ ಕೂಡ ಮಲತಾಯಿಯ ಮನೆಯ ಕೆಚುವಾ ಆಳುಗಳ ನಡುವೆ ಬೆಳೆದವರು.) ಮಳೆಗಾಲದಲ್ಲಿ ಕದಡಿ ಕೆಂಪಾಗಿ ಬರುವ ಹೊಳೆಗೆ ಆ ಭಾಷೆಯಲ್ಲಿ 'ಯವಾರ್ ಮಯು', ಅಂದರೆ ನೆತ್ತರ ಹೊಳೆ, ಎಂಬ ಮಾತಿದೆ. ಹುಡುಗ ಮಯು ತೆಗೆದು ಕಲ್ಲೆಂಬ ಅರ್ಥದ 'ರುಮಿ' ಇಟ್ಟು ಗೋಡೆಯನ್ನೇ ಹೆಸರಿಟ್ಟು ಕರೆಯುತ್ತಾನೆ. ಗೋಡೆ ಮಿಸುಕುತ್ತದೆ. ಇದು ಕವಿಸಮಯವಲ್ಲ, ಭಾಷೆ ಮೊದಲೇ ಸಿದ್ಧವಾಗಿಟ್ಟಿದ್ದ ಮಾತು ತನ್ನ ವಸ್ತುವನ್ನು ಕಂಡುಕೊಂಡ ಕ್ಷಣ.

ಇಗರ್ಜಿಯ ಮರಿಯಾ ಅಂಗೋಲ ಎಂಬ ದೊಡ್ಡ ಗಂಟೆ ಎರಡು ಪುಸ್ತಕಗಳಲ್ಲೂ ಇದೆ. ಗೆವಾರನಿಗೆ ಅದು ಚಿನ್ನ ಬೆರೆತಿದೆಯೆಂಬ ಐತಿಹ್ಯ, ಅದರ ಹೆಸರಿನ ಮೇಲೊಂದು ತುಂಟ ಮಾತು. ಹುಡುಗನಿಗೆ ಅದರ ನಾದ ಕೇಳಿದೊಡನೆ, ಬೆಟ್ಟದ ಸರೋವರಗಳ ತಳದಿಂದ ಸರಪಳಿ ಎಳೆಯುತ್ತ ಮೇಲೇಳುವ ಹೊನ್ನಿನ ಗೂಳಿಗಳ ಕಥೆಗಳು ನೆನಪಾಗುತ್ತವೆ. ತುಂಟ ಮಾತಿಗೆ ನಾವೂ ನಕ್ಕೆವು. ಆದರೆ ಪುಸ್ತಕ ಮುಚ್ಚಿದ ಮೇಲೆ ಕಿವಿಯಲ್ಲಿ ಉಳಿದದ್ದು ಎರಡನೆಯ ಗಂಟೆ.

ಅರ್ಗೆದಾಸರಲ್ಲಿ ದೋಷವಿಲ್ಲವೆಂದಲ್ಲ. ಕೆಲವು ಕಡೆ ಹುಡುಗನ ಬಾಯಲ್ಲಿ ವಿದ್ವಾಂಸ ಮಾತನಾಡುತ್ತಾನೆ. ಗೋಡೆಯ ಪ್ರಸಂಗವನ್ನು ಇನ್ನಷ್ಟು ಮೊಟಕು ಮಾಡಬಹುದಿತ್ತು. ಕುಸ್ಕೊ ಬೇಕೆಂದು ಕೊಂಡವರಿಗೆ ನಿರಾಶೆಯೂ ಕಾದಿದೆ: ಒಂದೇ ಅಧ್ಯಾಯ, ಮುಂದಿನದೆಲ್ಲ ಅಬನ್ಕೈ ಎಂಬ ಊರಿನ ಶಾಲೆಯ ಕಥೆ.

ಆ ಒಂದು ಅಧ್ಯಾಯದಲ್ಲಿ ಮುದುಕನ ಮನೆಯ ಜೀತದಾಳೊಬ್ಬ ಇದ್ದಾನೆ. ತಲೆಗೂದಲು ಕೆದರಿ, ಟೊಪ್ಪಿಗೆ ಕಳಚಿ, ಸದ್ದಿಲ್ಲದೆ ಇವರ ಹಿಂದೆ ಬರುತ್ತಾನೆ. ಹುಡುಗ ಕೆಚುವಾದಲ್ಲಿ ಮಾತನಾಡಿಸಿದರೆ ಬೆರಗಾಗಿ ನೋಡುತ್ತಾನೆ, ಉತ್ತರವಿಲ್ಲ. ಇವನಿಗೆ ಮಾತು ಬರುವುದಿಲ್ಲವೇ ಎಂದು ಹುಡುಗ ಅಪ್ಪನನ್ನು ಕೇಳುತ್ತಾನೆ. ಬರುತ್ತದೆ, ಧೈರ್ಯವಿಲ್ಲ ಎಂಬ ಅರ್ಥದ ಉತ್ತರ ಸಿಗುತ್ತದೆ. ಹುಡುಗ ಬಿಡುವುದಿಲ್ಲ. ಅಪ್ಪಾ ಎಂದು ಕೆಚುವಾದಲ್ಲೇ ಕರೆದು, ನೀನು ಕುಸ್ಕೊದವನೇ ಎಂದು ಇನ್ನೊಮ್ಮೆ ವಿಚಾರಿಸುತ್ತಾನೆ. ಆಗ ಅವನು ಬಾಯಿ ಬಿಡುತ್ತಾನೆ. ಅಲ್ಲವಂತೆ. ಅವನು ಹೇಳುವುದು ಯಾವ ಊರಿನ ಹೆಸರನ್ನೂ ಅಲ್ಲ, ಧಣಿಯ ಜಮೀನಿನವನಂತೆ.