ಗೂಟ ಬೇಡುವ ಡೇರೆ

ಒಬ್ಬರಿಗಾಗಿಯೇ ಹೊಲಿದ ಹಗುರ ಡೇರೆಗಳು ಈಚೆಗೆ ಮುಂಬಯಿಯ ಚಾರಣಿಗರ ಬೆನ್ನುಚೀಲಗಳಲ್ಲಿ ಹೆಚ್ಚಾಗಿ ಕಾಣಿಸುತ್ತಿವೆ. ಶನಿವಾರ ಕಸಾರಾ ಲೋಕಲ್ ಹಿಡಿಯುವ ಹುಡುಗ ಹುಡುಗಿಯರಲ್ಲಿ ನಮ್ಮ ಕನ್ನಡ ಮನೆಗಳ ಮಕ್ಕಳೂ ಇದ್ದಾರೆ. ಇವುಗಳ ಬೆಲೆಯೂ ಅಲ್ಪವಲ್ಲ. ಆದ್ದರಿಂದ ನಾಟಕವನ್ನೋ ಕಾದಂಬರಿಯನ್ನೋ ವಿಮರ್ಶಿಸುವ ಈ ಪುಟಗಳಲ್ಲಿ ಒಂದು ಡೇರೆಯನ್ನು ವಿಮರ್ಶೆಗೆತ್ತಿಕೊಂಡರೆ ವಾಚಕರು ಮುನಿಯಲಾರರೆಂದು ನಂಬಿದ್ದೇವೆ.

ನಾವು ಕೊಂಡದ್ದು 900 ಗ್ರಾಮಿನದು. ಅದಕ್ಕೆ ತನ್ನದೆಂಬ ಕಂಬಿಯಿಲ್ಲ. ನಡೆಯುವಾಗ ಊರುವ ಕೋಲನ್ನೇ ನಡುವೆ ನಿಲ್ಲಿಸಿ, ಸುತ್ತ ಆರು ಗೂಟ ಬಡಿದು, ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಗೂಟ, ದಾರ, ಚೀಲ, ಅಡಿಹಾಸು ಎಲ್ಲ ಸೇರಿಸಿ ಮನೆಯ ತಕ್ಕಡಿಗೆ ಹಾಕಿದಾಗ 1,250 ಗ್ರಾಂ ತೂಗಿತು. ಮೋಸವೆನ್ನಲಾರೆವು, ಬರಿಯ ಡೇರೆಯ ತೂಕ ಬೇರೆ, ಕಟ್ಟಿದ ಮೂಟೆಯ ತೂಕ ಬೇರೆ. ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಮೊದಲನೆಯದು, ಅಷ್ಟೆ.

ಮೊದಲ ಪರೀಕ್ಷೆ ನಮ್ಮ ಕಟ್ಟಡದ ಟೆರೇಸಿನ ಮೇಲೆ. ಕಾಂಕ್ರೀಟಿಗೆ ಗೂಟ ಇಳಿಯುವುದೆಲ್ಲಿಂದ? ತುಳಸಿ ಕುಂಡಕ್ಕೊಂದು, ನೀರಿನ ಕೊಳವೆಗೊಂದು ದಾರ ಕಟ್ಟಿ ಹೇಗೋ ನಿಲ್ಲಿಸಿದೆವು. ನೆರೆಯವರು ನಕ್ಕರು, ನಾವೂ ನಕ್ಕೆವು. ಆ ನಗುವಿನಲ್ಲಿ ಪಾಠವೊಂದು ಅಡಗಿತ್ತೆಂಬುದು ಹೊಳೆಯಲಿಲ್ಲ.

ಅದು ಹೊಳೆದದ್ದು 2023ರ ಡಿಸೆಂಬರಿನಲ್ಲಿ, ಹರಿಶ್ಚಂದ್ರಗಡದಲ್ಲಿ. ಸಮುದ್ರಮಟ್ಟದಿಂದ ಸುಮಾರು 1,420 ಮೀಟರ್ ಎತ್ತರದ ಈ ಗಡ ಅಭಯಾರಣ್ಯದೊಳಗಿದೆ. ಅನುಮತಿಯ ಮಾತನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಮೇಲು. ಸಹ್ಯಾದ್ರಿಯ ನೆತ್ತಿಗಳೆಲ್ಲ ಲಾವಾ ಹರಿದು ಹೆಪ್ಪುಗಟ್ಟಿದ ಕರಿಬಂಡೆ. ಮೇಲೆ ಮಣ್ಣು ನಾಲ್ಕು ಬೆರಳಿದ್ದರೆ ಹೆಚ್ಚು. ಕೊಂಕಣಕಡಾದ ಅಂಚಿನಿಂದ ಸಾಕಷ್ಟು ದೂರದಲ್ಲೇ ಬಿಡಾರ ಹೂಡಿದರೂ ಕಣಿವೆಯಿಂದ ಮೇಲೇರುವ ಗಾಳಿ ನಮ್ಮನ್ನು ಬಿಡಲಿಲ್ಲ. ಗೂಟ ನಿಲ್ಲದ ಕಡೆ ದಾರವನ್ನು ಕಲ್ಲುಗಳಿಗೆ ಬಿಗಿದಿದ್ದೆವು. ರಾತ್ರಿ ಎರಡರ ಸುಮಾರಿಗೆ ಕಲ್ಲಿನ ಏಣಿಗೆ ಉಜ್ಜಿ ಉಜ್ಜಿ ಒಂದು ದಾರ ಕತ್ತರಿಸಿತು. ಕೋಲು ವಾಲಿತು, ಒದ್ದೆ ಬಟ್ಟೆಯೆಲ್ಲ ಮುಖದ ಮೇಲೆ ಬಿತ್ತು. ‘ನಾವು’ ಎಂದು ಬರೆಯುತ್ತಿದ್ದರೂ ಒಳಗಿದ್ದದ್ದು ಒಂದೇ ಜೀವ. ಕತ್ತಲೆಯಲ್ಲಿ ಜಿಪ್ ಯಾವ ಕಡೆಗಿದೆಯೆಂದು ಕೈಗೆ ಸಿಗದ ಆ ಐದು ನಿಮಿಷ ಸಣ್ಣದಲ್ಲ. ಬೆಳಗಿನವರೆಗೆ ಬಟ್ಟೆಯನ್ನೇ ಹೊದ್ದು ನಡುಗುತ್ತ ಕುಳಿತೆವು. ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ. ಸಂಚಿಕೆ ಬಂದ ಮೇಲೆ ತಿಳಿದೀತು.

ಬಟ್ಟೆ ಒದ್ದೆಯಾದದ್ದು ಮಳೆಯಿಂದಲ್ಲ, ನಮ್ಮ ಉಸಿರಿನಿಂದ. ಒಂದೇ ಪದರದ ಡೇರೆಯಲ್ಲಿ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಒಳಗೆ ಜಾಲರಿಯ ಪದರವಿದ್ದರೆ ಮೈಗೆ ತಾಗದು. ನೈಲಾನ್ ನೆನೆದರೆ ಹಿಗ್ಗಿ ಜೋಲುತ್ತದೆ, ಮಲಗುವ ಮುಂಚೆ ದಾರವನ್ನು ಮತ್ತೊಮ್ಮೆ ಬಿಗಿಯಬೇಕು. ಪಾಲಿಯೆಸ್ಟರಿಗೆ ಈ ಚಾಳಿ ಕಡಿಮೆ.

ಹಗುರತನದ ವಾದಿಗಳು ಅಮೆರಿಕದ ಎಮ್ಮಾ ಗೇಟ್‌ವುಡ್ ಅವರನ್ನು ನೆನೆಯುವುದುಂಟು. 1955ರಲ್ಲಿ, 67ರ ವಯಸ್ಸಿನಲ್ಲಿ, ಆ ಅಜ್ಜಿ ಡೇರೆಯೇ ಇಲ್ಲದೆ, ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆಯೊಂದನ್ನು ಹೊತ್ತು ಎರಡು ಸಾವಿರ ಮೈಲಿಗೂ ಮಿಕ್ಕ ಅಪಲೇಚಿಯನ್ ಹಾದಿಯನ್ನು ನಡೆದು ಮುಗಿಸಿದರು. ಕೈಮುಗಿಯಬೇಕಾದ ಸಾಧನೆ. ಆದರೆ ಆ ಹಾದಿ ಬಹುಪಾಲು ಕಾಡಿನದು, ದಾರ ಕಟ್ಟಲು ಮರವುಂಟು, ನಡುನಡುವೆ ತಂಗುಮನೆಗಳೂ ಉಂಟು. ನಮ್ಮ ಬೋಳು ಬಂಡೆಗೆ ಆ ಲೆಕ್ಕ ಹೊಂದದು.

ಮುಂದಿನ ಫೆಬ್ರವರಿಯಲ್ಲಿ ಸ್ನೇಹಿತರೊಬ್ಬರಿಂದ ಎರವಲು ತಂದದ್ದು 1,700 ಗ್ರಾಮಿನ ಇನ್ನೊಂದು ಡೇರೆ. ಎರಡು ಅಲ್ಯೂಮಿನಿಯಂ ಕಂಬಿಗಳು ಅಡ್ಡಡ್ಡ ಬಾಗಿ, ಗೂಟವಿಲ್ಲದೆಯೇ ತಾನಾಗಿ ನಿಲ್ಲುತ್ತದೆ. ಗಾಳಿಗೆ ದಾರ ಇದಕ್ಕೂ ಬೇಕು. ಆದರೆ ದಾರ ಕಡಿದರೂ ಕುಸಿಯುವುದಿಲ್ಲ. ಅದೇ ಗಡ, ಹೆಚ್ಚುಕಡಿಮೆ ಅದೇ ಗಾಳಿ. ಒಳಗೆ ಕುಳಿತು ಬೂಟು ಹಾಕುವಷ್ಟು ಜಾಗವಿಲ್ಲ, ಕಾಲ್ದೆಸೆ ತೀರ ಇಳಿಜಾರು, ಆರಡಿಯವರ ಪಾದ ಬಟ್ಟೆಗೆ ತಾಗುತ್ತದೆ. ಆದರೂ ನಿದ್ದೆ ಬಂತು. ಮೂಟೆಯ ಲೆಕ್ಕದಲ್ಲಿ ಹೆಚ್ಚು ಹೊತ್ತದ್ದು ಅರ್ಧ ಕಿಲೋದ ಆಸುಪಾಸು.

ಕೊಳ್ಳುವವರು ಅಂಗಡಿಯ ನುಣ್ಣನೆಯ ನೆಲದ ಮೇಲೆ, ಗೂಟವಿಲ್ಲದೆ, ಡೇರೆಯನ್ನು ನಿಲ್ಲಿಸಿ ತೋರಿಸೆಂದು ಕೇಳಲಿ. ಒಳಗೆ ಮಲಗಿ ಕಾಲು ಚಾಚಿಯೂ ನೋಡಲಿ, ಸಂಕೋಚ ಬೇಡ. ನಮ್ಮ 900 ಗ್ರಾಮಿನದು ಈಗ ಮಂಚದ ಕೆಳಗಿದೆ. ಮಾರುವ ಮನಸ್ಸಿದೆ, ಗೂಟದ ಸಂಗತಿಯನ್ನು ಮೊದಲೇ ಹೇಳಿ.