ಗೋಪಾಲ ನಾಯ್ಕರನ್ನು ಕವಿ ಅನ್ನೋಕೆ ಯಾಕೆ ಹಿಂಜರಿಕೆ?

ಮಾಚಾರಿನ ಗೋಪಾಲ ನಾಯ್ಕರನ್ನು ನಮ್ಮ ವಿದ್ವಾಂಸರು ಗಾಯಕ ಅಂತಾರೆ, ಜನಪದ ಕಲಾವಿದ ಅಂತಾರೆ, ಶಾಸ್ತ್ರೀಯವಾಗಿ ಮಾತಾಡಬೇಕಾದಾಗ ‘ವಕ್ತೃ’ ಅಂತಾರೆ. ಕವಿ ಅನ್ನೋಕೆ ಮಾತ್ರ ನಾಲಿಗೆ ತಡವರಿಸುತ್ತೆ. ನಮ್ಮ ತಕರಾರು ಇರೋದು ಈ ತಡವರಿಕೆಯ ಬಗ್ಗೆ.

ಘಟ್ಟದ ಮೇಲಿನ ಗೆಳೆಯರಿಗೆ ಮೊದಲು ಹೇಳಬೇಕು: ಪಾಡ್ದನ ಅಂದರೆ ತುಳುವಿನ ಕಥನ ಹಾಡು. ನೇಜಿ ನೆಡುವಾಗ ಒಬ್ಬಳು ಎತ್ತಿ ಹಾಡಿದರೆ ಸಾಲಿನಲ್ಲಿದ್ದವರು ಹಿಂದಿನಿಂದ ದನಿಗೂಡಿಸುತ್ತಿದ್ದರು. ಭೂತಕೋಲದಲ್ಲಿ ಪಂಬದ, ಪರವ, ನಲಿಕೆಯವರ ಮನೆಯ ಹೆಂಗಸರು ತೆಂಬರೆ ಬಡಿದು ಹಾಡುತ್ತಾರೆ. ನಮ್ಮ ಅಜ್ಜಿಯೂ ಪರರ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಹಾಡಿದವಳೇ. ನೆಟ್ಟಿದ್ದಕ್ಕೆ ಕೂಲಿ ಇತ್ತು, ಹಾಡಿದ್ದಕ್ಕೆ ಇರಲಿಲ್ಲ. ಆದರೆ ಆ ಹಾಡಿನಿಂದ ಧಣಿಗೆ ಉಪಯೋಗವಿತ್ತು. ಬೈಲಿನಲ್ಲಿ ಹಾಡು ನಿಂತರೆ ಕೆಲಸ ನಿಂತಿದೆ ಅಂತ ಚಾವಡಿಯಲ್ಲಿ ಕೂತವರಿಗೆ ತಿಳಿಯುತ್ತಿತ್ತು.

ಈ ಬೈಲಿನಿಂದಲೇ ಬಂದವರು ಬೆಳ್ತಂಗಡಿ ತಾಲೂಕು ಉಜಿರೆ ಕಡೆಯ ಕೃಷಿಕ ಗೋಪಾಲ ನಾಯ್ಕರು. ಗದ್ದೆಯಲ್ಲಿ ಹಾಡಿದರು, ಸಿರಿ ಜಾತ್ರೆಗಳಲ್ಲಿ ದರ್ಶನ ಬಂದ ಹೆಂಗಸರ ತಂಡಕ್ಕೆ ಮುಂದಾಳಾದರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಆನೆಲಿ ಹಾಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಅವರ ಮುಂದೆ ಕೂತು ಸಿರಿ ಪಾಡ್ದನವನ್ನು ದಿನಗಟ್ಟಲೆ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಹೆಲ್ಸಿಂಕಿಯಿಂದ ಎರಡು ಸಂಪುಟವಾಗಿ ಬಂತು. ಒಟ್ಟು 15,683 ಸಾಲು. ಹೋಮರನ ಇಲಿಯಡ್ 15,693. ಹತ್ತೇ ಸಾಲು ಕಮ್ಮಿ!

ಈ ಲೆಕ್ಕ ಕೇಳಿ ನಾವೂ ಕುಣಿದಾಡಿದ್ದುಂಟು. ಆಮೇಲೆ ಯೋಚನೆ ಬಂತು. ನಮ್ಮ ಹಾಡು ದೊಡ್ಡದು ಅನ್ನೋಕೆ ಗ್ರೀಕರ ಅಳತೆಗೋಲೇ ಯಾಕೆ ಬೇಕು? ಬೇಕೇ ಇದ್ದರೆ ಪೂರ್ತಿ ಅಳೆಯಲಿ. ಹೋಮರನೂ ಹಾಡಿದವನೇ ಅಂತ ಪಂಡಿತರೇ ಹೇಳ್ತಾರೆ. ಅವನು ಮಹಾಕವಿ, ನಾಯ್ಕರು ವಕ್ತೃ. ಇದು ಯಾವ ನ್ಯಾಯ?

‘ಅವರು ರಚಿಸಿದ್ದಲ್ಲ, ಪರಂಪರೆಯಿಂದ ಬಂದದ್ದು’ ಅನ್ನೋ ಉತ್ತರ ಸಿದ್ಧವಾಗಿದೆ. ಸರಿ, ಒಂದು ಸಂಗತಿ ನೋಡೋಣ. ಇದೇ ನಾಯ್ಕರು ಆಕಾಶವಾಣಿಗೆ ಕೋಟಿ–ಚೆನ್ನಯರ ಪಾಡ್ದನವನ್ನು ಸುಮಾರು ಇಪ್ಪತ್ತು ನಿಮಿಷಕ್ಕೆ ಹಾಡಿ ಮುಗಿಸಿದ್ದರು. ಮುಂದೆ ಹಾಂಕೊ ತಂಡದವರು ಹೊತ್ತಿನ ಹಂಗಿಲ್ಲದೆ ಹಾಡಿ ಅಂದಾಗ ಅದೇ ಕತೆ ಹದಿನೈದು ಗಂಟೆ ನಡೆಯಿತು. ಕತೆ ಅದೇ. ಏನು ಬಿಡಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಮೂರು ಸಲ ತಿರುಗಿಸಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಪರಂಪರೆಯೇ? ಬಾಯಿಪಾಠ ಮಾಡಿದವನು ಇಪ್ಪತ್ತು ನಿಮಿಷವನ್ನು ಹದಿನೈದು ಗಂಟೆ ಮಾಡಲಾರ. ಹಾಂಕೊ ಇದನ್ನು ‘ಮಾನಸಿಕ ಪಠ್ಯ’ ಅಂತ ಕರೆದರು. ನಮಗೆ ಅಷ್ಟು ದೊಡ್ಡ ಪದ ಬೇಡ. ಹಳ್ಳಿಯ ಭಾಷೆಯಲ್ಲಿ ಇದಕ್ಕೆ ಕಟ್ಟೋದು ಅಂತಾರೆ. ಪದ ಕಟ್ಟಿದವನು ಕವಿ.

ಹಾಂಕೊ ತಂಡಕ್ಕೆ ಸಲ್ಲಬೇಕಾದ್ದು ಸಲ್ಲಲಿ. 1886ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟ ಪಾಡ್ದನಗಳನ್ನು ಮುದ್ರಿಸಿತು. ಆ ಪುಸ್ತಕವನ್ನು ಇವತ್ತಿಗೂ ನಾವು ಮ್ಯಾನರ್ ಹೆಸರಿನಿಂದಲೇ ಗುರುತಿಸೋದು. ನೂರು ವರ್ಷ ದಾಟಿದ ಮೇಲೆ ಹಾಡಿದವರ ಹೆಸರು ರಟ್ಟಿನ ಮೇಲೆ ಬಂತು: ಗೋಪಾಲ ನಾಯ್ಕರು ‘ಪ್ರಸ್ತುತಪಡಿಸಿದ’ ಸಿರಿ ಮಹಾಕಾವ್ಯ ಅಂತ. ದೊಡ್ಡ ಹೆಜ್ಜೆಯೇ. ಆದರೆ ಆ ಸಂಪುಟಗಳಲ್ಲಿ ತುಳು ಇರೋದು ರೋಮನ್ ಲಿಪಿಯಲ್ಲಿ, ಪಕ್ಕಕ್ಕೆ ಇಂಗ್ಲಿಷ್. ನೇಜಿ ನೆಟ್ಟವಳು ಬಿಡಿ, ಅವಳ ಕನ್ನಡ ಶಾಲೆಗೆ ಹೋದ ಮಗಳೂ ತನ್ನ ಹಾಡನ್ನು ಅದರಲ್ಲಿ ಗುರುತು ಹಿಡಿಯೋದು ಕಷ್ಟ.

ಜಾನಪದ ಸಮುದಾಯದ ಸೊತ್ತು, ಅದಕ್ಕೆ ಕರ್ತೃ ಇಲ್ಲ ಅನ್ನೋ ಪಾಠವನ್ನು ನಾವೂ ಪರೀಕ್ಷೆಗೆ ಬರೆದು ಅಂಕ ತೆಗೆದವರು. ಈಗ ಆ ಪಾಠದ ಮೇಲೆ ಗುಮಾನಿ. ಗದ್ದೆಯ ಪಹಣಿಯಲ್ಲಿ ಹೆಸರಿರುತ್ತೆ, ಗದ್ದೆಯ ಹಾಡಿಗೆ ಮಾತ್ರ ‘ಸಮುದಾಯ’. ಎಲ್ಲರದು ಅಂದದ್ದು ಕೊನೆಗೆ ಸಂಪಾದಕರದಾಗುತ್ತೆ.

ಹಾಗಂತ ನಾಯ್ಕರನ್ನು ಹೊತ್ತು ಮೆರೆಸೋದೂ ನಮ್ಮ ಕೆಲಸವಲ್ಲ. ಕವಿ ಅಂದ ಮೇಲೆ ಕಾವ್ಯದ ಜೊತೆ ಜಗಳವಾಡಬೇಕು. ಸಿರಿ ಸತ್ಯನಾಪುರದ ಅರಮನೆಯ ಹೆಣ್ಣು. ತನ್ನ ಬಸಿರಿನ ಸಂಭ್ರಮಕ್ಕೆ ತಂದ ಸೀರೆ ಗಂಡನ ಸೂಳೆಯ ಮೈಮೇಲೆ ಹೋಗಿ ಬಂದದ್ದು ಅಂತ ತಿಳಿದು ಅದನ್ನು ಉಡಲೊಲ್ಲೆ ಅಂದಳು, ಕಾಂತು ಪೂಂಜನ ಜೊತೆಗಿನ ಮದುವೆ ಮುರಿದು ಹೊರಟಳು, ಮತ್ತೊಂದು ಮದುವೆಯಾದಳು. ಗಂಡನ ಚಪ್ಪಲಿ ಹೊರುವ ಪುರಾಣದ ಪತಿವ್ರತೆಯರ ನಡುವೆ ಈ ಹೆಣ್ಣು ಬಂಡಾಯಗಾರ್ತಿಯೇ ಸೈ. ಆದರೆ ಅವಳ ಹಿಂದೆ ನಡೆದವಳೊಬ್ಬಳಿದ್ದಾಳೆ, ದಾರು ಅಂತ ಕೆಲಸದವಳು. ಸಿರಿ ಮನೆ ಬಿಟ್ಟದ್ದು ಸ್ವಾಭಿಮಾನ, ದಾರು ಬಿಟ್ಟದ್ದು? ಅವಳನ್ನು ಯಾರು ಕೇಳಿದರು? ಪರರ ಗದ್ದೆಯಲ್ಲಿ ಈ ಹಾಡು ಹಾಡಿದ ಕೂಲಿ ಹೆಂಗಸರು ಸಿರಿಯ ಕಣ್ಣೀರಿಗೆ ತಮ್ಮ ಕಣ್ಣೀರು ಬೆರೆಸಿದರು. ಜಾತ್ರೆಯಲ್ಲಿ ಮೈದುಂಬಿದಾಗ ತಾನು ಸಿರಿ, ಸೊನ್ನೆ, ಅಬ್ಬಗ, ದಾರಗ ಅನ್ನುತ್ತಾರೆ. ದಾರುವಿನ ಕಡೆಯಿಂದ ಈ ಕಾವ್ಯವನ್ನು ಓದೋ ಹೊಣೆ ನಮ್ಮ ತಲೆಮಾರಿನ ಮೇಲಿದೆ.

ಕಡೆಗೆ ನಮ್ಮ ಮನೆಯ ಮಾತು. ನಾವೂ ಅಜ್ಜಿಯ ಹಾಡಿನ ಧಾಟಿ ಎತ್ತಿಕೊಂಡು ಒಂದು ಕವಿತೆ ಬರೆದೆವು. ಅಚ್ಚಾಯಿತು. ಕೆಳಗೆ ನಮ್ಮ ಹೆಸರೊಂದೇ ಇತ್ತು. ಓದು ಬಾರದ ಅಜ್ಜಿಗೆ ಓದಿ ಹೇಳಿದೆವು. ‘ಚೆಂದ ಉಂಟು. ಆದರೆ ಇಷ್ಟು ಬೇಗ ಯಾಕೆ ಮುಗಿಸಿದೆ ಮಗಾ?’ ಅಂದಳು. ನಾವು ಬಿಟ್ಟದ್ದೇನು ಅಂತ ಅವಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಆದ್ದರಿಂದ ಗೆಳೆಯರೇ, ಬೈಯೋದಕ್ಕೆ ಮೊದಲು ನಾವು ಮಾಡಬೇಕಾದ್ದು ಇಷ್ಟು. ನಮ್ಮ ಪುಟಗಳಲ್ಲಿ ಪಾಡ್ದನ, ಲಾವಣಿ, ತತ್ವಪದ ಯಾವುದು ಬಂದರೂ ಹಾಡಿದವರ ಒಪ್ಪಿಗೆ ಪಡೆದು, ಹೆಸರನ್ನು ಮೇಲೆ ಹಾಕೋಣ. ಬರೆದುಕೊಂಡವರದು ಕೆಳಗೆ ಬರಲಿ. ಮಂಗಳೂರಿನ ಕವಿಗೋಷ್ಠಿಗಳಲ್ಲಿ ಹಾಡುವವರನ್ನು ಪ್ರಾರ್ಥನೆಗೆ ಕರೆಯೋದು ನಿಲ್ಲಲಿ. ಅವರೂ ಕವಿಗಳ ಸಾಲಿನಲ್ಲೇ ಕೂರಲಿ, ಅವರ ಹಾಡು ಮುಗಿಯುವ ತನಕ ನಾವು ಕಾಯೋಣ.