ಮಂದ್ರದಲ್ಲಿ ಮಾತಾಡಿದ ಹುಡುಗ

ಹದಿನೆಂಟು ತುಂಬಿದ ಮೇಲೆ ಹೊಸ ವಾದ್ಯ ಕೈಗೆತ್ತಿಕೊಂಡರೆ ಕೈ ಪಳಗುವುದಿಲ್ಲ ಎನ್ನುವವರಿಗೆ ನಾನು ಜಾಝ್ ವಾದಕ ಸ್ಕಾಟ್ ಲಫಾರೊನ ಹೆಸರು ಹೇಳುತ್ತೇನೆ. 1936ರಲ್ಲಿ ಅಮೆರಿಕದ ನ್ಯೂವಾರ್ಕ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಪುಟ್ಟ ಊರಿನಲ್ಲಿ ಬೆಳೆದವನು. ತಂದೆ ಪಿಟೀಲುವಾದಕ, ಮಗನದು ಕ್ಲಾರಿನೆಟ್. ಇಥಾಕಾ ಕಾಲೇಜಿನಲ್ಲಿ ಸಂಗೀತ ಓದಲು ತಂತಿವಾದ್ಯವೊಂದು ಬರಲೇಬೇಕಿತ್ತು. ಕಾಲೇಜು ಸೇರುವ ಮುಂಚಿನ ಬೇಸಿಗೆಯಲ್ಲಿ ಡಬಲ್ ಬಾಸ್ ಹಿಡಿದ.

ಆಳೆತ್ತರವನ್ನೂ ಮೀರಿದ ವಾದ್ಯ ಇದು. ನಾಲ್ಕು ತಂತಿಗಳು, ಒಂದರಿಂದ ಇನ್ನೊಂದಕ್ಕೆ ಷಡ್ಜದಿಂದ ಮಧ್ಯಮಕ್ಕಿರುವಷ್ಟು ಅಂತರ. ತೀರಾ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಂತಿಯ ಉದ್ದ ಒಂದು ಮೀಟರನ್ನು ದಾಟುವುದರಿಂದ, ಕುತ್ತಿಗೆಯ ಮೇಲ್ಭಾಗದಲ್ಲಿ ಎಡಗೈಯನ್ನು ತೋರುಬೆರಳಿನಿಂದ ಕಿರುಬೆರಳಿನವರೆಗೆ ಪೂರ್ತಿ ಅಗಲಿಸಿದರೂ ದಕ್ಕುವುದು ಷಡ್ಜ ಮತ್ತು ಚತುಶ್ರುತಿ ರಿಷಭದ ನಡುವಿನಷ್ಟು ಜಾಗ ಮಾತ್ರ. ಅದರಾಚೆಯ ಸ್ವರಕ್ಕೆ ಇಡೀ ಕೈಯೇ ಜರುಗಬೇಕು. ವೀಣೆಯಲ್ಲಿರುವಂತೆ ಮೆಟ್ಟುಗಳಿಲ್ಲ, ಸ್ಥಾನ ಕೂದಲೆಳೆ ತಪ್ಪಿದರೂ ಶ್ರುತಿ ಹೋಯಿತು. ಮೇಲಿನ ಸ್ಥಾಯಿಗೆ ಬಂದಾಗ ಕುತ್ತಿಗೆಯ ಹಿಂದಿದ್ದ ಹೆಬ್ಬೆರಳು ಮುಂದೆ ಬಂದು ತಾನೇ ತಂತಿಯನ್ನು ಒತ್ತುತ್ತದೆ. ಬಹುತೇಕ ಜಾಝ್ ಬಾಸ್‌ವಾದಕರು ಅಪರೂಪಕ್ಕೆ ಹೋಗುತ್ತಿದ್ದ ಆ ಜಾಗದಲ್ಲಿ ಲಫಾರೊ ಸಲೀಸಾಗಿ ಓಡಾಡಿದ. ಅವನ ಬಾಸ್ ಅಬ್ರಹಾಂ ಪ್ರೆಸ್ಕಾಟ್ ಎಂಬ ಕುಶಲಕರ್ಮಿ 1825ರ ಆಸುಪಾಸಿನಲ್ಲಿ ಮಾಡಿದ್ದು. ಗಾತ್ರದಲ್ಲಿ ತುಸು ಚಿಕ್ಕದು.

ಜಾಝ್‌ನಲ್ಲಿ ಬಾಸ್‌ನ ಕೆಲಸವೆಂದರೆ ಆವರ್ತಕ್ಕೆ ನಾಲ್ಕು ಪೆಟ್ಟು ತಪ್ಪದೆ ನಡೆಸುವುದು. 1959ರ ಕೊನೆಗೆ ಬಿಲ್ ಇವಾನ್ಸ್‌ನ ಪಿಯಾನೊ, ಪಾಲ್ ಮೋಷನ್‌ನ ಡ್ರಮ್ಸ್ ಜೊತೆಯಾದಾಗ ಲಫಾರೊ ಆ ನಡಿಗೆಯನ್ನು ಬೇಕೆಂದಲ್ಲಿ ಬಿಟ್ಟ. ಪಿಯಾನೊ ಒಂದು ಮಾತು ಎತ್ತಿದರೆ ಇವನು ಉತ್ತರಿಸುತ್ತಾನೆ, ಕೆಲವೊಮ್ಮೆ ಅದು ಮುಗಿಯುವ ಮೊದಲೇ. ತಾಳ ಯಾರ ಕೈಯಲ್ಲೂ ಇಲ್ಲ, ಮೂವರ ಮನಸ್ಸಿನಲ್ಲಿದೆ. ಪಕ್ಕವಾದ್ಯಕ್ಕೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಇವಾನ್ಸ್‌ನ ದೊಡ್ಡತನವನ್ನೂ ಇಲ್ಲಿ ನೆನೆಯಬೇಕು.

ಆ ಮೂವರು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 1961ರ ಜೂನ್ 25ರ ಭಾನುವಾರ ನುಡಿಸಿದ್ದು ಧ್ವನಿಮುದ್ರಣವಾಯಿತು. ಹನ್ನೊಂದು ದಿನಗಳ ನಂತರ, ಜುಲೈ 6ರಂದು, ಕಾರು ಅಪಘಾತದಲ್ಲಿ ಲಫಾರೊ ತೀರಿಕೊಂಡ. ವಯಸ್ಸು ಇಪ್ಪತ್ತೈದು. ಬಾಸ್ ಹಿಡಿದು ಏಳೇ ವರ್ಷ.

ಆ ಭಾನುವಾರದ ಮುದ್ರಣದಲ್ಲಿ, ಅವನೇ ರಚಿಸಿದ ‘ಗ್ಲೋರಿಯಾಸ್ ಸ್ಟೆಪ್’ನಲ್ಲಿ ಬೆರಳುಗಳ ಓಟ ಕೇಳಿ ಬೆರಗಾಗದವರಿಲ್ಲ. ನನಗೆ ಮಾತ್ರ ಅವನ ಸಿದ್ಧಿ ಕಾಣುವುದು ಅದೇ ದಿನದ ‘ಮೈ ಫೂಲಿಶ್ ಹಾರ್ಟ್’ನಲ್ಲಿ. ತೀರಾ ವಿಳಂಬ ಕಾಲ. ಮೇಲೆ ಓಡಬಲ್ಲವನು ಮಂದ್ರದಲ್ಲೇ ನಿಂತು, ಒಂದೊಂದೇ ಸ್ವರ ಮೀಟಿ, ಅದರ ಕಾರ್ವೆ ಸಾಗುವಷ್ಟೂ ಸಾಗಲು ಬಿಡುತ್ತಾನೆ. ಅಷ್ಟು ನಿಧಾನದಲ್ಲಿ ಶ್ರುತಿಯ ಕೊರತೆಗೆ ಮರೆಯೇ ಇಲ್ಲ. ಬಾಸ್ ಕಲಿಯುವ ಹುಡುಗ ಹುಡುಗಿಯರು ‘ಗ್ಲೋರಿಯಾಸ್ ಸ್ಟೆಪ್’ಗೆ ಕೈ ಹಾಕುವ ಮುನ್ನ ಇದನ್ನು ನುಡಿಸಿ ನೋಡಲಿ. ಫೋನಿನ ಸ್ಪೀಕರಿನಲ್ಲಿ ಈ ಕೆಳಗಿನ ಸ್ವರಗಳು ಬಾರವು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು.